ದರಗಿನ ಕೆಲಸ ಮತ್ತು ಉಣುಗು: ಮಲೆನಾಡಿನ ಒಂದು ಮನೆಯ ಪ್ರಕರಣ

ಕಾಡಿನ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಕಚ್ಚಿ ಬರುವ ಮಂಗನ ಕಾಯಿಲೆ ಎಂಬ ಜ್ವರದ ಬಗ್ಗೆ ಕರಪತ್ರಗಳಿಗೆ ನಮ್ಮಲ್ಲಿ ಬರವಿಲ್ಲ. ಕಾಡಿಗೆ ಹೋಗಬೇಡಿ, ಮೈತುಂಬ ಬಟ್ಟೆ ಹಾಕಿ, ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ಹೇಳಿದ್ದೆಲ್ಲ ಸರಿಯೇ. ಆದರೆ ಅದನ್ನು ಓದಿದ ಮನೆಯವರು ಮಾರನೇ ದಿನ ಬೆಳಿಗ್ಗೆ ಎದ್ದು ಏನು ಮಾಡಿದರು ಅನ್ನುವುದನ್ನು ಯಾರೂ ಬರೆದಿಡುವುದಿಲ್ಲ. ಹಾಗಾಗಿ ಒಂದು ಮನೆಯ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಊರು, ತಾಲ್ಲೂಕು, ಹೆಸರು ಯಾವುದೂ ಇಲ್ಲಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಆಗ ನಾನು ಆ ಭಾಗದ ಆರೋಗ್ಯ ಉಪಕೇಂದ್ರದಲ್ಲಿ ಕೆಲಸದಲ್ಲಿದ್ದೆ.

ಮನೆ, ಕೊಟ್ಟಿಗೆ, ಬೆಟ್ಟ

ಕಾಡಿನ ಅಂಚಿನ ಒಂಟಿ ಮನೆ. ಪಕ್ಕದ ಮನೆಗೆ ಹೋಗಬೇಕಾದರೂ ಗದ್ದೆಬಯಲು ದಾಟಬೇಕು. ಸಣ್ಣ ಅಡಿಕೆ ತೋಟ, ತುಂಡು ಗದ್ದೆ, ಕೊಟ್ಟಿಗೆಯಲ್ಲಿ ಮೂರು ದನ, ಒಂದು ಕರು. ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ವಯಸ್ಸಾದ ತಾಯಿ. ಮಗ ಬೆಂಗಳೂರಿನಲ್ಲಿ ಓದುತ್ತಿದ್ದ, ರಜೆಯಲ್ಲಿ ಬಂದು ಹೋಗುತ್ತಿದ್ದ. ತೋಟದ ಕೆಲಸಕ್ಕೆ ಗುಡ್ಡದ ಆಚೆಯಿಂದ ಗಂಡ ಹೆಂಡತಿ ಇಬ್ಬರು ಬರುತ್ತಿದ್ದರು. ಹತ್ತಾರು ವರ್ಷಗಳ ಬಳಕೆ. ಆಕೆಯನ್ನು ಇಲ್ಲಿ ಕೂಲಿಯಕ್ಕ ಅಂತಲೇ ಕರೆಯುತ್ತೇನೆ.

ಮನೆಯ ಹಿಂದೆಯೇ ಸೊಪ್ಪಿನ ಬೆಟ್ಟ. ಮಳೆಗಾಲದಲ್ಲಿ ಅಲ್ಲಿಂದ ಹಸಿ ಸೊಪ್ಪು ಬರುತ್ತದೆ, ಬೇಸಿಗೆಯಲ್ಲಿ ದರಗು, ಅಂದರೆ ಉದುರಿ ಒಣಗಿದ ಎಲೆ. ಎರಡನ್ನೂ ಕೊಟ್ಟಿಗೆಗೆ ಹಾಸುತ್ತಾರೆ. ಸಗಣಿ ಗಂಜಲ ಸೇರಿ ಅದು ಗೊಬ್ಬರವಾಗುತ್ತದೆ, ಗೊಬ್ಬರ ತೋಟಕ್ಕೆ ಹೋಗುತ್ತದೆ. ದರಗು ಬೇಡ ಅಂದರೆ ಗೊಬ್ಬರ ಬೇಡ ಅಂದ ಹಾಗೆ. ಪೇಟೆಯಿಂದ ಬಂದು "ಕಾಡಿಗೆ ಹೋಗಬೇಡಿ" ಅನ್ನುವವರಿಗೆ ಈ ಸರಪಳಿ ಕಾಣುವುದಿಲ್ಲ.

ತೊಂದರೆ ಇರುವುದು ಕಾಲದಲ್ಲಿ. ಎಲೆ ಉದುರಿ ಒಣಗಿ ಬೀಳುವುದು ಜನವರಿಯಿಂದ ಮಾರ್ಚ್‌ವರೆಗೆ. ಮಂಗನ ಕಾಯಿಲೆ ಹರಡುವ ಉಣುಗು ಮರಿಯ ಹಂತದಲ್ಲಿ ಓಡಾಡುವುದೂ ಇದೇ ತಿಂಗಳುಗಳಲ್ಲಿ. ಇದರ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಮಳೆಗಾಲದಲ್ಲಿ ದೊಡ್ಡ ಉಣುಗು ದನ, ಕಾಡುಪ್ರಾಣಿಗಳ ಮೇಲೆ ಇರುತ್ತದೆ. ರಕ್ತ ಕುಡಿದು, ನೆಲಕ್ಕೆ ಬಿದ್ದು, ಮೊಟ್ಟೆ ಇಡುತ್ತದೆ. ಮಳೆ ಮುಗಿಯುವ ಹೊತ್ತಿಗೆ ಆರು ಕಾಲಿನ ಹುಳು ಹೊರಗೆ ಬರುತ್ತದೆ. ಅದು ಒಂದು ಸಲ ರಕ್ತ ಕುಡಿದು ಪೊರೆ ಕಳಚಿದರೆ ಎಂಟು ಕಾಲಿನ ಮರಿ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಮರಿಯೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಓಡಾಟ ಜಾಸ್ತಿ. ಕಾಯಿಲೆಯೂ ಅದೇ ತಿಂಗಳುಗಳಲ್ಲಿ ಏರುತ್ತದೆ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಈ ಕಾಯಿಲೆ ಮೊದಲು ಗೊತ್ತಾಯಿತು. ಬಹಳ ಕಾಲ ಅದು ಶಿವಮೊಗ್ಗ ಸುತ್ತಲಿನ ಕಾಯಿಲೆ ಅಂತಲೇ ಇತ್ತು. 2012ರಿಂದ ಈಚೆಗೆ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. ಇದಕ್ಕೆಂದೇ ಔಷಧಿ ಇಲ್ಲ. ಜ್ವರ, ನೀರಿನಂಶ, ರಕ್ತಸ್ರಾವ ನೋಡಿಕೊಂಡು ಉಪಚಾರ ಮಾಡುತ್ತಾರೆ. ನೂರರಲ್ಲಿ ಮೂರರಿಂದ ಐದು ರೋಗಿಗಳು ಸಾಯುತ್ತಾರೆ. ಹಳೇ ಲಸಿಕೆಯನ್ನು ಅದರ ಶಕ್ತಿ ಸಾಲದು ಎಂದು 2022ರಲ್ಲಿ ನಿಲ್ಲಿಸಲಾಯಿತು. ಈ ಪ್ರಕರಣ ನಡೆದದ್ದು ಅದಾದ ಮೇಲೆ. ಅಂದರೆ ಈ ಮನೆಯವರ ಕೈಯಲ್ಲಿ ಇದ್ದದ್ದು ಒಂದೇ ದಾರಿ, ಉಣುಗು ಕಚ್ಚದ ಹಾಗೆ ನೋಡಿಕೊಳ್ಳುವುದು.

ಮಂಗ ಸತ್ತ ಮೇಲೆ

ಡಿಸೆಂಬರ್ ಕೊನೆಗೆ ಬೆಟ್ಟದ ಕೆಳಗಿನ ಹಳ್ಳದ ಹತ್ತಿರ ಒಂದು ಮುಸುವ ಸತ್ತು ಬಿದ್ದಿತ್ತು. ನೋಡಿದವರು ಯಜಮಾನರೇ. ಮುಟ್ಟದೆ ಬಂದು ಫೋನ್ ಮಾಡಿದರು. ಇದು ಮೊದಲ ಒಳ್ಳೆಯ ನಿರ್ಧಾರ, ಇದನ್ನು ಹೇಳದೆ ಮುಂದೆ ಹೋಗಬಾರದು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲಕ್ಕೆ ಹರಡುತ್ತವೆ. ಹೆಣದ ಹತ್ತಿರ ಹೋಗಿ ಕೋಲಿನಲ್ಲಿ ತಿರುಗಿಸಿ ನೋಡುವುದು, ಹುಡುಗರನ್ನು ಕರೆದು ತೋರಿಸುವುದು ಎಲ್ಲ ಅಪಾಯ. ಇಲಾಖೆಯವರು ಬಂದರು. ಮಾದರಿ ತೆಗೆದುಕೊಂಡು ಹೆಣ ಸುಟ್ಟರು, ಸುತ್ತ ಕೀಟನಾಶಕ ಪುಡಿ ಉದುರಿಸಿದರು. ಆಶಾ ಕಾರ್ಯಕರ್ತೆ ಮನೆಮನೆಗೆ ಡೆಪಾ ಎಣ್ಣೆಯ ಬಾಟಲಿ ಹಂಚಿದರು. ಇದು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ತಯಾರಾದ ಹುಳ ಓಡಿಸುವ ಔಷಧಿ. ಮಲೆನಾಡಿನಲ್ಲಿ ಸರ್ಕಾರ ಅದನ್ನು ಪುಕ್ಕಟೆ ಕೊಡುತ್ತದೆ.

ಜನವರಿ ಎರಡನೇ ವಾರ ದರಗಿನ ಕೆಲಸ ಶುರುವಾಯಿತು. ತಿಂಗಳು ಮುಗಿಯುವುದರೊಳಗೆ ಕೂಲಿಯಕ್ಕನಿಗೆ ಜ್ವರ.

ಜ್ವರ ಅಂದರೆ ಸುಮ್ನೆ ಮೈ ಬೆಚ್ಚಗಾಗಿದ್ದಲ್ಲ. ಮಧ್ಯಾಹ್ನ ಚೆನ್ನಾಗಿದ್ದವರು ಸಂಜೆ ನಡುಗುತ್ತ ಮಲಗಿದರು. ಹಣೆ ಸಿಡಿಯುವ ಹಾಗೆ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕಣ್ಣು ಕೆಂಪು. ಮೊದಲ ಎರಡು ದಿನ ಮನೆಯಲ್ಲೇ ಕಷಾಯ ಆಯಿತು. ಮೂರನೇ ದಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿದು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ರಕ್ತದ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಖಚಿತವಾಯಿತು. ಪ್ಲೇಟ್‌ಲೆಟ್ ಇಳಿದಿತ್ತು, ಬಿಳಿ ರಕ್ತಕಣವೂ ಇಳಿದಿತ್ತು. ಪುಣ್ಯಕ್ಕೆ ರಕ್ತಸ್ರಾವ ಆಗಲಿಲ್ಲ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಜ್ವರ ಬಂದು ಮೆದುಳಿಗೆ ತೊಂದರೆ ಕೊಡುತ್ತದೆ, ಅದೂ ಆಗಲಿಲ್ಲ. ಆದರೆ ನಿಶ್ಶಕ್ತಿ ಬಹಳ ದಿನ ಕಾಡಿತು. ಕೊಡಪಾನ ಎತ್ತಲು ಆಗುತ್ತಿರಲಿಲ್ಲ. ಆ ಬೇಸಿಗೆಯ ಕೂಲಿ ಪೂರ್ತಿ ಹೋಯಿತು.

ಬಾಟಲಿ ಎಲ್ಲಿತ್ತು?

ಆಮೇಲೆ ಮನೆಗೆ ಹೋಗಿ ಕೂತು ಕೇಳಿದೆವು. ಯಾರ ತಪ್ಪು ಅಂತ ಹುಡುಕಲು ಅಲ್ಲ. ಎಣ್ಣೆ ಕೊಟ್ಟಿದ್ದೇವೆ, ಹೇಳಿದ್ದೇವೆ, ಆದರೂ ಹೀಗೇಕಾಯಿತು ಅಂತ ತಿಳಿಯಬೇಕಿತ್ತು.

ಯಜಮಾನರ ಮನೆಯ ಬಾಟಲಿ ದೇವರ ಕೋಣೆಯ ಪಕ್ಕದ ಗೂಡಿನಲ್ಲಿತ್ತು. ಮುಚ್ಚಳ ಒಡೆದಿತ್ತು, ಎಣ್ಣೆ ಕಮ್ಮಿ ಆಗಿರಲಿಲ್ಲ. ಒಂದು ದಿನ ಹಚ್ಚಿ ಬಿಟ್ಟಿದ್ದರು. ಅಂಟು, ವಾಸನೆ, ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿ. ಕೂಲಿಯಕ್ಕನ ಗಂಡ ಇನ್ನೊಂದು ಕಾರಣ ಹೇಳಿದರು: "ಕೈಗೆ ಹಚ್ಕಂಡ್ರೆ ಎಲೆ ಅಡಿಕೆ ಬಾಯಿಗೆ ಹಾಕಕ್ಕೆ ಆಗಲ್ಲ ಅಕ್ಕ, ಬಾಯೆಲ್ಲ ಕಹಿ." ಇದು ಯಾವ ಕರಪತ್ರದಲ್ಲೂ ಇಲ್ಲದ ಕಾರಣ. ಆದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗುಡ್ಡದಲ್ಲಿ ಬೆನ್ನು ಬಗ್ಗಿಸಿ ಕೆಲಸ ಮಾಡುವವರಿಗೆ ಕವಳ ಅನ್ನುವುದು ಸಣ್ಣ ವಿಷಯ ಅಲ್ಲ.

ಕೂಲಿಯಕ್ಕನ ಮನೆಗೂ ಬಾಟಲಿ ಹೋಗಿತ್ತು. ಅದು ಗುಡ್ಡದ ಆಚೆ ಅವರ ಮನೆಯಲ್ಲೇ ಇತ್ತು. ಹಂಚಿಕೆ ಮನೆ ಲೆಕ್ಕದಲ್ಲಿ ನಡೆದಿತ್ತು. ಆಕೆ ಕೆಲಸ ಮಾಡುತ್ತಿದ್ದದ್ದು ಬೇರೆಯವರ ಬೆಟ್ಟದಲ್ಲಿ. ತಮ್ಮ ಮನೆಯ ಎಣ್ಣೆಯನ್ನು ಇನ್ನೊಬ್ಬರ ಕೆಲಸಕ್ಕೆ ತರಬೇಕು ಅಂತ ಆಕೆಗೆ ಅನ್ನಿಸಿರಲಿಲ್ಲ. ಕೆಲಸ ಕೊಟ್ಟವರಿಗೂ "ಎಣ್ಣೆ ಹಚ್ಚಿಕೊಂಡು ಬಂದಿದ್ದೀಯಾ" ಎಂದು ಕೇಳುವುದು ತೋಚಿರಲಿಲ್ಲ. ಇಬ್ಬರದ್ದೂ ಅಸಡ್ಡೆ ಅಂತ ನಾನು ಹೇಳುವುದಿಲ್ಲ. ಊಟ, ಚಹಾ, ಕವಳ ಕೊಡುವುದು ಕೆಲಸ ಕೊಡುವ ಮನೆಯ ರೂಢಿ. ಎಣ್ಣೆ ಆ ಸಾಲಿಗೆ ಇನ್ನೂ ಸೇರಿರಲಿಲ್ಲ, ಅಷ್ಟೇ.

ನಂತರ ಮಾಡಿದ್ದಕ್ಕೆಲ್ಲ ಈ ಮಾತೇ ಬುಡ. ಉಣುಗಿನಿಂದ ರಕ್ಷಣೆ ಅನ್ನುವುದು ಮನೆಗಲ್ಲ, ಕೆಲಸದ ಜಾಗಕ್ಕೆ ಅಂಟಿಕೊಂಡಿರಬೇಕಿತ್ತು.

ಬಿಳಿ ಪಂಚೆ

ಇನ್ನೊಂದು ಅಡ್ಡಿ ಇತ್ತು. ಮನೆಯ ಅಜ್ಜಿ ಒಪ್ಪಲೇ ಇಲ್ಲ. "ಎಷ್ಟು ವರ್ಷ ದರಗು ಗುಡಿಸಿಲ್ಲ ನಾನು? ಉಣುಗು ಕಂಡ್ರೆ ಕಿತ್ತು ಒಗೀತಿದ್ವಿ" ಅಂದರು. ಅವರಿಗೆ ಉಣುಗು ಅಂದರೆ ದನದ ಕಿವಿಯಲ್ಲಿ ಊದಿಕೊಂಡು ಜೋತಾಡುವ ದೊಡ್ಡದು. ಕಾಯಿಲೆ ತರುವ ಮರಿ ಎಳ್ಳುಕಾಳಿಗಿಂತ ಚಿಕ್ಕದು. ಕಚ್ಚುವಾಗ ನೋವೂ ಆಗುವುದಿಲ್ಲ. ಕಾಣದ್ದನ್ನು ನಂಬು ಅಂದರೆ ಯಾರು ನಂಬುತ್ತಾರೆ?

ಕಾಡಿನಲ್ಲಿ ಉಣುಗು ಎಷ್ಟಿದೆ ಅಂತ ನೋಡಲು ಸರ್ವೆ ತಂಡದವರು ಬಿಳಿ ಬಟ್ಟೆಯನ್ನು ದರಗಿನ ಮೇಲೆ ಎಳೆಯುತ್ತಾರೆ. ಉಣುಗು ಹಾರುವುದಿಲ್ಲ, ಜಿಗಿಯುವುದಿಲ್ಲ. ಹುಲ್ಲಿನ ತುದಿಗೋ ಎಲೆಯ ಅಂಚಿಗೋ ಬಂದು ಮುಂಗಾಲು ಚಾಚಿಕೊಂಡು ಕಾಯುತ್ತದೆ. ಪ್ರಾಣಿಯ ಉಸಿರು, ಬಿಸಿ ಅದಕ್ಕೆ ಗೊತ್ತಾಗುತ್ತದೆ. ಸವರಿಕೊಂಡು ಹೋದದ್ದಕ್ಕೆ ಅಂಟಿಕೊಳ್ಳುತ್ತದೆ, ಬಟ್ಟೆಯಾದರೂ ಸರಿ, ಕಾಲಾದರೂ ಸರಿ. ನಾವೂ ಅದನ್ನೇ ಮಾಡಿದೆವು. ಎಣ್ಣೆ ಹಚ್ಚಿ, ಕಾಲು ಮುಚ್ಚಿಕೊಂಡು ಹೋಗಿ, ಯಜಮಾನರ ಹಳೇ ಬಿಳಿ ಪಂಚೆಯನ್ನು ಬೆಟ್ಟದ ಅಂಚಿನಲ್ಲಿ ಸ್ವಲ್ಪ ದೂರ ಎಳೆದು ತಂದು ಬಿಸಿಲಲ್ಲಿ ಹಿಡಿದೆವು. ಅಜ್ಜಿ ಕನ್ನಡಕ ತರಿಸಿಕೊಂಡು ನೋಡಿದರು. ಬಟ್ಟೆಯ ಮೇಲೆ ಕಂದು ಚುಕ್ಕೆಗಳು ನಡೆಯುತ್ತಿದ್ದವು. ಪಂಚೆಯನ್ನು ಕುದಿಯುವ ನೀರಿಗೆ ಹಾಕಿದ ಮೇಲೂ ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಅತಿ ಕಟ್ಟುನಿಟ್ಟು ಅವರದ್ದೇ.

ನಮ್ಮ ತಿಳಿವಳಿಕೆ ಸಭೆಗಳಲ್ಲಿ ಚಿತ್ರಪಟ ತೋರಿಸುತ್ತೇವೆ. ಅದರಲ್ಲಿ ಉಣುಗನ್ನು ಅಂಗೈಯಷ್ಟು ದೊಡ್ಡದಾಗಿ ಬರೆದಿರುತ್ತಾರೆ. ನೋಡಿದವರು ಅಷ್ಟು ದೊಡ್ಡದನ್ನೇ ಹುಡುಕುತ್ತಾರೆ, ಅಲ್ವಾ?

ಏನೇನು ಮಾಡಿ ನೋಡಿದರು

ಮೊದಲು ಯಜಮಾನರು ತೆಗೆದುಕೊಂಡ ನಿರ್ಧಾರ ಪೂರ್ತಿ ನಿಷೇಧ. ಈ ವರ್ಷ ಬೆಟ್ಟಕ್ಕೆ ಯಾರೂ ಹೋಗುವುದು ಬೇಡ. ಇದು ಕೆಲವೇ ದಿನ ನಡೆಯಿತು. ಕೊಟ್ಟಿಗೆ ಕೆಸರಾಯಿತು, ದನ ಮಲಗಲು ಒದ್ದಾಡಿದವು. ಒಂದು ಬೆಳಿಗ್ಗೆ ಅವರ ಹೆಂಡತಿಯೇ ಯಾರಿಗೂ ಹೇಳದೆ ಹೆಡಿಗೆ ಹಿಡಿದು ಹೋಗಿ ಬಂದರು. ಎಣ್ಣೆ ಹಚ್ಚಿರಲಿಲ್ಲ. ಹಚ್ಚಿದರೆ ವಾಸನೆಗೆ ಗೊತ್ತಾಗುತ್ತದಲ್ಲ! ನಿಷೇಧದ ತೊಂದರೆ ಇದೇ. ಜನ ಹೋಗುವುದು ನಿಲ್ಲುವುದಿಲ್ಲ, ಕದ್ದು ಹೋಗುತ್ತಾರೆ. ಕದ್ದು ಹೋಗುವವರು ತಯಾರಿ ಮಾಡಿಕೊಂಡು ಹೋಗುವುದಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದರು. ಬೆಟ್ಟಕ್ಕೆ ಹೋಗದೆ ಎಷ್ಟು ಹಾಸು ಸಿಗುತ್ತದೆ? ಅಡಿಕೆ ಸುಲಿದ ಸಿಪ್ಪೆ ಅಂಗಳದ ಮೂಲೆಯಲ್ಲಿ ಗುಡ್ಡೆ ಬಿದ್ದಿತ್ತು. ತೋಟದಲ್ಲಿ ಒಣಸೋಗೆ, ಬಾಳೆ ಎಲೆ ಇದ್ದವು. ಸೋಗೆ ಕತ್ತರಿಸಿ ಹಾಕುವುದು ಕೈಗೆ ಹೆಚ್ಚು ಕೆಲಸ. ದರಗಿನಷ್ಟು ಮೆತ್ತಗೂ ಇರುವುದಿಲ್ಲ. ಹಾಗಂತ ಬೇಡ ಅನ್ನುವ ಹಾಗೂ ಇರಲಿಲ್ಲ. ಸಿಪ್ಪೆ ಕೆಳಗೆ, ಸೋಗೆ ನಡುವೆ, ಮೇಲೆ ತೆಳುವಾಗಿ ದರಗು ಅಂತ ಮಾಡಿಕೊಂಡರು. ದರಗಿನ ಬಳಕೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ತಿರುವು ಇದು. ಎಣ್ಣೆ, ಬಟ್ಟೆ ಎಲ್ಲ ಬೆಟ್ಟಕ್ಕೆ ಹೋದ ಮೇಲಿನ ಮಾತು. ಹೋಗುವುದೇ ಅರ್ಧ ಆದರೆ ಕಚ್ಚಿಸಿಕೊಳ್ಳುವ ಅವಕಾಶವೂ ಅಷ್ಟೇ ಕಮ್ಮಿ.

ಉಳಿದ ದರಗಿಗೆ ಜಾಗ ಬದಲಾಯಿಸಿದರು. ಮುಸುವ ಸತ್ತ ಹಳ್ಳದ ಕಡೆ ಆ ವರ್ಷ ಪೂರ್ತಿ ಬಿಟ್ಟರು. ನೆರಳು, ತೇವ, ಪೊದೆ ಇರುವ ಕಡೆ ಉಣುಗು ಹೆಚ್ಚು ಹೊತ್ತು ಬದುಕುತ್ತದೆ. ಬಿಸಿಲು ಬೀಳುವ ಬಯಲಲ್ಲಿ ಬೇಗ ಒಣಗುತ್ತದೆ. ಹಾಗಾಗಿ ರಸ್ತೆ ಬದಿಯ, ಬಿಸಿಲು ಬೀಳುವ ಅಂಚಿನ ದರಗನ್ನು ಮಾತ್ರ ಗುಡಿಸಿದರು. ಕೈಯಲ್ಲಿ ಬಾಚಿ ತುಂಬುವುದನ್ನು ಬಿಟ್ಟು ಉದ್ದ ಹಿಡಿಯ ಪೊರಕೆ ಹಿಡಿದರು. ನೆಲದ ಮೇಲೆ ಕೂತು ಕವಳ ಹಾಕುವುದೂ ನಿಂತಿತು. ಅದು ಸುಲಭವಾಗಿ ನಿಲ್ಲಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ತಂದ ದರಗಿನ ಬಗ್ಗೆಯೂ ಯೋಚಿಸಬೇಕಿತ್ತು. ಉಣುಗು ಎಲೆಯ ಜೊತೆಗೇ ಅಂಗಳಕ್ಕೆ ಬರುತ್ತದೆ. ಬೆಟ್ಟಕ್ಕೆ ಕಾಲಿಡದ ಅಜ್ಜಿಗೂ ಆಗ ಅಪಾಯ. ಮೊದಲೆಲ್ಲ ದರಗನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ರಾಶಿ ಹಾಕುತ್ತಿದ್ದರು. ರಾಶಿಯ ಒಳಗೆ ತೇವ ಹಾಗೇ ಇರುತ್ತದೆ. ಈಗ ಮನೆಯಿಂದ ದೂರ, ಕೊಯ್ದ ಗದ್ದೆಯಲ್ಲಿ ತೆಳುವಾಗಿ ಹರಡಿ ಬಿಸಿಲಿಗೆ ಬಿಟ್ಟು ಆಮೇಲೆ ತಂದರು. ಇದರಿಂದ ಎಲ್ಲ ಉಣುಗೂ ಸಾಯುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಅಪಾಯ ಕಮ್ಮಿ ಮಾಡುವ ಕ್ರಮ, ಅಷ್ಟೇ.

ಬಟ್ಟೆಯದು ಉದ್ದ ಕತೆ. ಗಂಬೂಟು ತಂದರು. ಇಳಿಜಾರಿನಲ್ಲಿ ಜಾರುತ್ತದೆ, ಒಳಗೆ ಬೆವರು. ಎರಡು ದಿನಕ್ಕೆ ಮೂಲೆ ಸೇರಿತು. ನಮ್ಮ ಹೆಂಗಸರು ಕೆಲಸಕ್ಕೆ ಹೋಗುವಾಗ ಸೀರೆ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುವುದು ಹೇಗೂ ಇದೆ. ಕೈ, ಬೆನ್ನಿಗೆ ಅದು ಸಾಕು. ತೆರೆದುಕೊಂಡಿರುವುದು ಕಾಲು. ಉಣುಗು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಸೀರೆಯೊಳಗೆ ಸೇರಿದರೆ ಮೊಣಕಾಲಿನ ಹಿಂದೆ, ತೊಡೆಸಂದು, ಸೊಂಟದ ಕಟ್ಟಿನ ತನಕ ಅದಕ್ಕೆ ಅಡ್ಡಿಯೇ ಇಲ್ಲ. ಕೊನೆಗೆ ಕೂಲಿಯಕ್ಕನ ಬದಲು ಬರುತ್ತಿದ್ದ ಆಕೆಯ ನಾದಿನಿಯೇ ದಾರಿ ಕಂಡುಕೊಂಡಳು. ಮಗಳ ಹಳೇ ಚೂಡಿದಾರದ ಪ್ಯಾಂಟು ಒಳಗೆ, ಅದರ ತುದಿ ಕಾಲುಚೀಲದ ಒಳಗೆ, ಮೇಲೆ ಸೀರೆ ಎತ್ತಿ ಕಟ್ಟಿದ್ದು. ಕಾಲುಚೀಲ ತಿಳಿಬಣ್ಣದ್ದು, ಹತ್ತಿದ್ದು ಕಾಣಲಿ ಅಂತ. ನೋಡಿ ಎಲ್ಲರೂ ನಕ್ಕರು, ವಾರದೊಳಗೆ ಎಲ್ಲರೂ ಹಾಗೇ ಬಂದರು.

ಎಣ್ಣೆ ಬಾಟಲಿ ಗೂಡಿನಿಂದ ದಣಪೆಗೆ, ಅಂದರೆ ಬೇಲಿ ದಾಟುವ ಜಾಗಕ್ಕೆ, ಬಂತು. ಬೆಟ್ಟಕ್ಕೆ ದಾಟುವ ದಣಪೆಯ ಕಂಬಕ್ಕೆ ಒಂದು ಡಬ್ಬ ಕಟ್ಟಿ, ಅದರೊಳಗೆ ಬಾಟಲಿ, ಪಕ್ಕದಲ್ಲಿ ಒಂದು ಚೊಂಬು ನೀರು, ಸೋಪಿನ ಚೂರು. ಹಚ್ಚದೆ ದಾಟುವ ಹಾಗಿಲ್ಲ. ಕಾಲಿಗೆ, ಕುತ್ತಿಗೆಗೆ, ಕೈಗೆ ಹಚ್ಚಿ, ಅಂಗೈ ಮಾತ್ರ ತೊಳೆದುಕೊಳ್ಳುವುದು. ಎಲೆ ಅಡಿಕೆಯ ತಕರಾರು ಅಲ್ಲಿಗೆ ಮುಗಿಯಿತು. ಹಣೆಗೆ ಹಚ್ಚುವುದು ಬೇಡ ಅಂತ ಮಾಡಿದ್ದರಿಂದ ಕಣ್ಣುರಿಯೂ ನಿಂತಿತು. ತಲೆಗೆ ವಸ್ತ್ರ ಕಟ್ಟಿಕೊಂಡರು. ಬೆವರಿಗೆ ಎಣ್ಣೆ ಇಳಿದು ಹೋಗುತ್ತದೆ, ಹಾಗಾಗಿ ಚಹಾಕ್ಕೆ ಬಂದು ಮತ್ತೆ ಹೋಗುವಾಗ ಮತ್ತೊಮ್ಮೆ. ಇದೆಲ್ಲ ಕೂಲಿಯ ಹೊತ್ತಿನೊಳಗೇ ಆಗಬೇಕು ಅಂತ ಯಜಮಾನರು ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಬೇಗ ಬಂದು ಹಚ್ಚಿಕೊಳ್ಳಿ ಅಂದಿದ್ದರೆ ಯಾರೂ ಹಚ್ಚುತ್ತಿರಲಿಲ್ಲ.

ಸಂಜೆ ಸ್ನಾನ ಒಂದೇ ಸಾಲದೇ?

ಇದನ್ನು ಅನೇಕರು ಕೇಳುತ್ತಾರೆ. ನಮ್ಮ ಮಲೆನಾಡಿನ ಬಚ್ಚಲಲ್ಲಿ ಹಂಡೆ ನೀರು ಯಾವಾಗಲೂ ಕಾದಿರುತ್ತದೆ, ಬಂದ ತಕ್ಷಣ ಮಿಂದರೆ ಮುಗಿಯಿತಲ್ಲ ಅಂತ. ಹೊರದೇಶದಲ್ಲಿ ಉಣುಗಿನಿಂದ ಬರುವ ಲೈಮ್ ಎಂಬ ಕಾಯಿಲೆ ಇದೆ. ಅದರ ಬ್ಯಾಕ್ಟೀರಿಯಾ ಮೈಗೆ ಸೇರಲು ಸಾಮಾನ್ಯವಾಗಿ ಉಣುಗು ಒಂದು ದಿನವಾದರೂ ಕಚ್ಚಿಕೊಂಡಿರಬೇಕು. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆ ಹೆಚ್ಚಾಗಿ ಆ ಕಾಯಿಲೆಯದ್ದು. ಮಂಗನ ಕಾಯಿಲೆಯದು ವೈರಸ್. ಇದೇ ಕುಟುಂಬದ ವೈರಸ್‌ಗಳು ಉಣುಗಿನ ಜೊಲ್ಲಿನಲ್ಲೇ ಇರುತ್ತವೆ. ಕಚ್ಚಿ ಸ್ವಲ್ಪ ಹೊತ್ತಿಗೇ ಮೈ ಸೇರಬಲ್ಲವು. ಹಾಗಾಗಿ "ಸಂಜೆ ಕಿತ್ತರಾಯಿತು" ಅನ್ನುವ ಧೈರ್ಯ ಇಲ್ಲಿ ಬೇಡ. ಹೋಗುವ ಮುಂಚಿನ ಎಣ್ಣೆ, ಬಟ್ಟೆಗೆ ಮೊದಲ ಜಾಗ. ಸ್ನಾನಕ್ಕೆ ಎರಡನೇ ಜಾಗ.

ಹಾಗಂತ ಸ್ನಾನ ಬಿಡುವಂತಿಲ್ಲ. ಕಚ್ಚದೆ ಮೈಮೇಲೆ ಓಡಾಡುತ್ತಿರುವ ಉಣುಗು ಅದರಲ್ಲಿ ಹೋಗುತ್ತದೆ. ಬಟ್ಟೆಯನ್ನು ಮನೆಯೊಳಗೆ ತಾರದೆ ಬಚ್ಚಲ ಹೊರಗೇ ಬಕೆಟ್ಟಿಗೆ ಹಾಕಿ ಮೇಲೆ ಕುದಿನೀರು ಸುರಿಯುತ್ತಿದ್ದರು. ಹೆಂಗಸರ ಬೆನ್ನು, ಕೂದಲಂಚು, ಕಿವಿಯ ಹಿಂಭಾಗ ನೋಡುವ ಕೆಲಸ ಅಜ್ಜಿಯದು. ಕೂಲಿಗೆ ಬಂದವರೂ ಅಲ್ಲೇ ಮಿಂದು ಬಟ್ಟೆ ಬದಲಿಸಿ ಹೋಗಲಿ ಅನ್ನುವ ಮಾತು ಬಂದಾಗ ಮನೆಯಲ್ಲಿ ಸ್ವಲ್ಪ ಮುಜುಗರ ಆಯಿತು. ಯಾವ ತರಹದ ಮುಜುಗರ ಅಂತ ಹಳ್ಳಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಕೊನೆಗೆ ಕೊಟ್ಟಿಗೆಯ ಪಕ್ಕ ತಗಡಿನ ಮರೆ ಕಟ್ಟಿ ಬೇರೆ ಒಲೆ ಹಾಕಿದರು. ಇದಕ್ಕಿಂತ ಒಳ್ಳೆಯ ಪರಿಹಾರ ಇತ್ತು ಅಂತ ನನ್ನ ಅಭಿಪ್ರಾಯ. ಆದರೆ ಕೆಲಸ ನಡೆಯಿತು.

ದನಗಳ ವಿಷಯ ಅರ್ಧಕ್ಕೇ ನಿಂತಿತು. ಕಾಡಿನಲ್ಲಿ ಮೇಯುವ ದನಗಳೇ ದೊಡ್ಡ ಉಣುಗಿಗೆ ಊಟ. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ, ಉಣುಗಿನ ಸಂತಾನ ಮಾತ್ರ ಬೆಳೆಯುತ್ತದೆ. ಪಶುವೈದ್ಯರ ಸಲಹೆಯ ಮೇಲೆ ಬೆನ್ನಿಗೆ ಸುರಿಯುವ ಔಷಧಿ ಹಾಕಿಸಿದರು. ಬೆಟ್ಟಕ್ಕೆ ಬಿಡುವುದನ್ನು ನಿಲ್ಲಿಸಲು ಮೇವು ಸಾಲಲಿಲ್ಲ. ಒಬ್ಬರ ಮನೆಯ ದನಕ್ಕೆ ಔಷಧಿ ಹಾಕಿದರೆ ಬೆಟ್ಟದ ಉಣುಗು ಕಮ್ಮಿ ಆಗುವುದಿಲ್ಲ, ಊರಿನ ದನಕ್ಕೆಲ್ಲ ಹಾಕಬೇಕು. ಅದು ಆಗಲಿಲ್ಲ.

ಮಗನ ಮೊಣಕಾಲು

ಇಷ್ಟೆಲ್ಲ ವ್ಯವಸ್ಥೆ ಕೆಲಸ ಮಾಡುವವರನ್ನು ನೋಡಿ ಮಾಡಿದ್ದು. ಕೆಲಸಕ್ಕಲ್ಲದೆ ಸುಮ್ಮನೆ ಬೆಟ್ಟಕ್ಕೆ ಹೋಗುವವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾರ್ಚ್‌ನಲ್ಲಿ ಮಗ ಇಬ್ಬರು ಗೆಳೆಯರ ಜೊತೆ ಬಂದ. ಮೂವರೂ ಚಡ್ಡಿ, ಚಪ್ಪಲಿಯಲ್ಲಿ ಹಳ್ಳದ ದಾರಿ ಹಿಡಿದು ಮೇಲೆ ಹೋಗಿ ಬಂದರು. ದಣಪೆಯ ಬದಲು ತೋಟದ ಕಡೆಯಿಂದ ಹೋಗಿದ್ದರಿಂದ ಬಾಟಲಿ ಕಣ್ಣಿಗೆ ಬೀಳಲಿಲ್ಲ. ರಾತ್ರಿ ಮಗನ ಮೊಣಕಾಲಿನ ಹಿಂದೆ ಉಣುಗು ಕಚ್ಚಿಕೊಂಡಿತ್ತು. ಅವನು ಉಗುರಿನಲ್ಲಿ ಹಿಡಿದು ಎಳೆಯಲು ಹೊರಟಿದ್ದ. ಗೆಳೆಯನೊಬ್ಬ ಬೆಂಕಿಕಡ್ಡಿ ತಂದ. ಅಜ್ಜಿ ಇಬ್ಬರನ್ನೂ ತಡೆದರು. ಒತ್ತಿ ಹಿಸುಕಿದರೆ, ಸುಟ್ಟರೆ, ಸುಣ್ಣವೋ ಸೀಮೆಎಣ್ಣೆಯೋ ಹಚ್ಚಿದರೆ ಉಣುಗು ಇನ್ನಷ್ಟು ಜೊಲ್ಲು ಬಿಡಬಹುದು. ಚೂಪು ತುದಿಯ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ, ಅದರ ಬಾಯಿಯ ಕಡೆಯೇ ಹಿಡಿದು, ತಿರುಚದೆ ನೇರವಾಗಿ ಎಳೆದು ತೆಗೆದರು. ಜಾಗ ಸೋಪು ಹಾಕಿ ತೊಳೆದರು. ಉಣುಗನ್ನು ಕೈಯಲ್ಲಿ ಜಜ್ಜದೆ ಟೇಪಿಗೆ ಅಂಟಿಸಿ ಮಡಿಸಿದರು. ಯಜಮಾನರ ಹೆಂಡತಿ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಗುರುತು ಹಾಕಿದರು.

ಆ ಗುರುತೇ ಮುಂದೆ ಕೆಲಸಕ್ಕೆ ಬಂತು. ಹುಡುಗರು ಬೆಂಗಳೂರಿಗೆ ಮರಳಿದರು. ಕಚ್ಚಿದ ಮೇಲೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನದೊಳಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಆರನೇ ದಿನ ಮಗನಿಗೆ ಜ್ವರ ಬಂತು. ಹಾಸ್ಟೆಲ್ ಹತ್ತಿರದ ಕ್ಲಿನಿಕ್ಕಿನಲ್ಲಿ ಡೆಂಗಿ ಅಂದುಕೊಂಡರು. ಅವರದ್ದು ತಪ್ಪಲ್ಲ. ಜ್ವರ, ಮೈನೋವು, ಪ್ಲೇಟ್‌ಲೆಟ್ ಇಳಿಯುವುದು ಎರಡರಲ್ಲೂ ಇದೆ. ಮಲೆನಾಡಿನ ಕಾಡು ಅವರ ಕಣ್ಣ ಮುಂದೆ ಇರುವುದಿಲ್ಲ. ತಾಯಿ ಫೋನಿನಲ್ಲಿ ಹೇಳಿ ಹೇಳಿ ಮಗನ ಬಾಯಿಂದ ಆ ಎರಡು ಮಾತು ಹೇಳಿಸಿದರು: ಇಂಥ ದಿನ ಕಾಡಿನಲ್ಲಿ ಉಣುಗು ಕಚ್ಚಿದೆ, ನಮ್ಮೂರಲ್ಲಿ ಮಂಗನ ಕಾಯಿಲೆ ಇದೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬರುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ ಅಂದರು. ಆಸ್ಪಿರಿನ್, ಐಬುಪ್ರೊಫೆನ್ ತರಹದವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮಂಗನ ಕಾಯಿಲೆ ಇಲ್ಲ ಅಂತ ಬಂತು, ಬೇರೆ ಯಾವುದೋ ಜ್ವರ. ಜೊತೆಯ ಹುಡುಗರಿಗೆ ಏನೂ ಆಗಲಿಲ್ಲ. ಜೊತೆಯಲ್ಲಿದ್ದವರಿಗೆ ಹರಡುತ್ತದಾ ಅಂತ ಹಾಸ್ಟೆಲ್‌ನಲ್ಲಿ ಗಾಬರಿ ಎದ್ದಿತ್ತಂತೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಮುಂದಿನ ವರ್ಷ

ಮುಂದಿನ ಬೇಸಿಗೆಯಲ್ಲಿ ಆ ಮನೆಯಲ್ಲಾಗಲಿ, ಕೆಲಸಕ್ಕೆ ಬಂದವರಲ್ಲಾಗಲಿ ಯಾರಿಗೂ ಕಾಯಿಲೆ ಬರಲಿಲ್ಲ. ಇದನ್ನು ಈ ಕ್ರಮಗಳ ಗೆಲುವು ಅಂತ ಬರೆದರೆ ತಪ್ಪಾಗುತ್ತದೆ. ಆ ವರ್ಷ ಹತ್ತಿರದಲ್ಲಿ ಮಂಗ ಸಾಯಲಿಲ್ಲ. ಕಾಯಿಲೆಯ ಜೋರು ವರ್ಷದಿಂದ ವರ್ಷಕ್ಕೆ, ಕಾಡಿನಿಂದ ಕಾಡಿಗೆ ಬದಲಾಗುತ್ತದೆ. ಒಂದು ಮನೆಯ ಒಂದು ವರ್ಷದಿಂದ ಏನೂ ಸಾಬೀತಾಗುವುದಿಲ್ಲ. ನಾನು ನಂಬುವುದು ಬೇರೆ ಅಳತೆಯನ್ನು. ಸಂಜೆ ಮೈ ನೋಡುವಾಗ ಸಿಗುತ್ತಿದ್ದ ಉಣುಗು ಹಿಂದಿನ ವರ್ಷದ ಮುಂದೆ ತೀರ ಕಮ್ಮಿ ಆಗಿತ್ತು. ಸಿಕ್ಕಿದ್ದೂ ಹೆಚ್ಚಾಗಿ ಕಾಲುಚೀಲದ ಮೇಲೇ ಸಿಕ್ಕಿತ್ತು. ಅಜ್ಜಿಯೇ ಹೇಳಿದ್ದು, ಅವರು ಇಂಥದ್ದರಲ್ಲಿ ಹೆಚ್ಚಿಸಿ ಹೇಳುವವರಲ್ಲ.

ಎಲ್ಲವೂ ಉಳಿಯಲಿಲ್ಲ. ಗದ್ದೆಯಲ್ಲಿ ದರಗು ಹರಡುವುದು ಎರಡನೇ ವರ್ಷ ನಿಂತಿತು, ಗಾಳಿಗೆ ಅರ್ಧ ಹಾರಿ ಹೋಗುತ್ತದೆ ಅಂತ. ಅದರ ಬದಲು ಬೆಟ್ಟದ ದರಗನ್ನೇ ಇನ್ನಷ್ಟು ಕಮ್ಮಿ ಮಾಡಿದರು. ಸಿಪ್ಪೆ, ಸೋಗೆಯ ಹಾಸು ಉಳಿಯಿತು, ಅದರಿಂದ ಕೂಲಿ ಖರ್ಚೂ ಉಳಿಯುತ್ತದೆ ಅನ್ನುವ ಕಾರಣಕ್ಕೆ. ಆರೋಗ್ಯದ ಕಾರಣ ಒಂದೇ ಆಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ. ತೋಟದ ಕಡೆಯ ದಾರಿಗೂ ಇನ್ನೊಂದು ಬಾಟಲಿ ಹೋಯಿತು. ಕೂಲಿಯಕ್ಕ ಕೆಲಸಕ್ಕೆ ಮರಳಿದ್ದಾರೆ, ಆದರೆ ಬೆಟ್ಟಕ್ಕೆ ಬರುವುದಿಲ್ಲ, ತೋಟದ ಕೆಲಸ ಮಾತ್ರ. ಆಕೆಯ ಗಂಡ, ನಾದಿನಿ ಬೇರೆ ಮನೆಗಳಿಗೂ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಮೊದಲು ಕೇಳುವುದು ಎಣ್ಣೆ ಇದೆಯಾ ಅಂತ. ಇಲ್ಲ ಅಂದರೆ ಆ ದಿನ ದರಗಿನ ಕೆಲಸಕ್ಕೆ ಒಪ್ಪುವುದಿಲ್ಲವಂತೆ. ಕೇಳಿ ಎರಡು ಮನೆಯವರಿಗೆ ಸಿಟ್ಟು ಬಂದಿದೆ, ನಾಲ್ಕು ಮನೆಯವರು ಬಾಟಲಿಯನ್ನು ದಣಪೆಗೆ ಕಟ್ಟಿದ್ದಾರೆ. ಆಶಾ ಕಾರ್ಯಕರ್ತೆ ಈಗ ಡಿಸೆಂಬರ್‌ನಲ್ಲಿ ಎಣ್ಣೆ ಹಂಚುವಾಗ ಮನೆಯಲ್ಲಿ ಎಷ್ಟು ಜನ ಅಂತ ಕೇಳುವುದರ ಜೊತೆಗೆ, ದರಗಿಗೆ ಯಾರು ಯಾರು ಬರುತ್ತಾರೆ ಅಂತಲೂ ಕೇಳಿ ಬರೆದುಕೊಳ್ಳುತ್ತಾರೆ.